ಸಿಗಡಿಗೆ ಆಗದ ತಾಮ್ರ

"ಅಯ್ಯೋ ಶಿವನೇ, ಸತ್ತೇ ಹೋಗೈತಿ!"

ಕೆಮಿಸ್ಟ್ರಿ ಲೆಕ್ಚರರ್ ಅಕ್ಕನಾಗಮ್ಮ ಹಾಕಿದ ಕೂಗಿಗೆ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ ಕೊಯ್ಯುತ್ತಿದ್ದ ಹುಡುಗಿಯರೆಲ್ಲ ಕತ್ತೆತ್ತಿ ನೋಡಿದರು. ಕಿಟಕಿಯ ಪಕ್ಕದ ದೊಡ್ಡ ಗಾಜಿನ ತೊಟ್ಟಿಯಲ್ಲಿ, ಉಸುಕಿನ ಮೇಲೆ, ಕೆಂಪು ಬಿಳಿ ಪಟ್ಟೆಯ ಸಿಗಡಿಯೊಂದು ಅಂಗಾತ ಬಿದ್ದಿತ್ತು. ಕಾಲು, ಬಾಲ, ಉದ್ದನೆಯ ಬಿಳಿ ಮೀಸೆ ಎಲ್ಲ ಇದ್ದಲ್ಲೇ ಇದ್ದವು. ಮಿಸುಕಾಟ ಮಾತ್ರ ಇರಲಿಲ್ಲ.

ತೊಟ್ಟಿಯ ಯಜಮಾನ ಉಚ್ಚೆಂಗೆಪ್ಪ ಓಡಿ ಬಂದ. ಬಗ್ಗಿ ನೋಡಿದ. ಆಮೇಲೆ ನಗು ತಡೆಯಲು ಕೆಳತುಟಿ ಕಚ್ಚಿಕೊಂಡ.

"ಸತ್ತಿಲ್ರಿ ಮೇಡಂ. ಅಂಗಿ ಬಿಚ್ಚೈತಿ."

"ಏನಂದ್ರಿ?"

"ಹಾವು ಪೊರಿ ಬಿಡ್ತೈತಲ್ರಿ, ಹಂಗ ಇದೂ ಬಿಡ್ತೈತಿ. ಕೈ ಚಾಚ್ರಿ."

ಚಿಮಟದಿಂದ ಅದನ್ನು ಎತ್ತಿ ಅವಳ ಅಂಗೈ ಮೇಲಿಟ್ಟ. ಉಳ್ಳಾಗಡ್ಡಿ ಸಿಪ್ಪೆಯಷ್ಟೂ ತೂಕವಿರಲಿಲ್ಲ. ಒಳಗೆ ಏನೂ ಇಲ್ಲದ, ಮೀಸೆಯ ತುದಿಯವರೆಗೂ ಪೂರ್ತಿಯಾದ ಖಾಲಿ ಸಿಗಡಿ. ಅವಳು ಉಸಿರು ಬಿಟ್ಟರೆ ಹಾರಿಹೋದೀತೆಂದು ಉಸಿರು ಹಿಡಿದುಕೊಂಡೇ ನೋಡಿದಳು. ಅವನು ನೋಡಿದ್ದು ಸಿಗಡಿಯನ್ನಲ್ಲ ಎಂಬುದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾರ ಅದರ ಒಡೆಯ ಎಲ್ಲಿ?"

"ಅಕಾ ನೋಡ್ರಿ, ಕಲ್ಲಿನ ಸಂದಿಯಾಗ ಮೀಸಿ ಕಾಣತೈತಿ. ಹೊಸ ಮೈ ಇನ್ನೂ ಮೆತ್ತಗಿರ್ತೈತ್ರಿ. ಗಟ್ಟಿ ಆಗೋತನಕ ಯಾರ ಮುಂದೂ ಬರಂಗಿಲ್ಲ. ನಾಚಿಕಿ."

"ಸಿಗಡಿಗೂ ನಾಚಿಕಿ ಇರ್ತದೇನ್ರಿ?"

"ಅದಕ್ಕಿರೋದ್ರಾಗ ಅರ್ಧ ಮನುಷ್ಯರಿಗಿದ್ರ ಸಾಕಿತ್ರಿ."

ಹುಡುಗಿಯರು ಕಿಸಕ್ಕೆಂದರು. ಅಕ್ಕನಾಗಮ್ಮ ಸಿಟ್ಟು ಬಂದವಳ ಹಾಗೆ ಮುಖ ಮಾಡಿ ತನ್ನ ಕೆಮಿಸ್ಟ್ರಿ ಲ್ಯಾಬಿಗೆ ಹೊರಟುಹೋದಳು. ಸಿಪ್ಪೆಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ಅದು ಅವಳ ಮೇಜಿನ ಖಾನೆಯಲ್ಲಿ, ಬೆಂಕಿಪೊಟ್ಟಣದೊಳಗೆ, ಹತ್ತಿಯ ಮೇಲೆ ಮಲಗಿತು.

ಎಂಬತ್ಮೂರನೆಯ ಇಸವಿ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರವರೇ ನಗುತ್ತಾರಲ್ಲ, ಅಂಥ ಊರಿನಲ್ಲಿ ಕಡಲು ಸಾಕುತ್ತೇನೆಂದು ಹೊರಟವನು ಈ ಉಚ್ಚೆಂಗೆಪ್ಪ. ಸಿರಿಗೇರಿಯವನು, ಟೆಂಪರರಿ ಲೆಕ್ಚರರ್. ಡಿಸೆಂಬರಿನಲ್ಲಿ ಹುಡುಗರನ್ನು ರಾಮೇಶ್ವರದ ಹತ್ತಿರದ ಮಂಡಪಂ ಕಡಲತೀರಕ್ಕೆ ಟೂರ್ ಕರೆದೊಯ್ದವನು, ಬರುವಾಗ ಕ್ಯಾನುಗಟ್ಟಲೆ ಕಡಲ ನೀರು, ಹವಳದ ಕಲ್ಲು, ಸಿಗಡಿ ಜೋಡಿ ಸಹಿತ ಜೀವಂತ ಪ್ರಾಣಿಗಳು, ಎಲ್ಲ ಕಟ್ಟಿಕೊಂಡು ರೈಲು ಹತ್ತಿಬಿಟ್ಟಿದ್ದ. "ಬಳ್ಳಾರ್ಯಾಗ ಮನುಷ್ಯಾ ಬದುಕೋದೇ ಕಷ್ಟ ಐತಿ, ಇವು ಬದುಕ್ತಾವೇನಪಾ?" ಎಂದು ಹಿರಿಯರು ನಕ್ಕರು. ಬದುಕಿದವು. ತೊಟ್ಟಿಯ ಸುತ್ತ ಒದ್ದೆ ಗೋಣಿ ಸುತ್ತಿದ. ಕರೆಂಟು ಹೋದಾಗ ಗಾಳಿ ನಿಲ್ಲಬಾರದೆಂದು ಕೌಲ್ ಬಜಾರಿನ ಪಂಕ್ಚರ್ ಅಂಗಡಿಯಿಂದ ಹಳೆಯ ಲಾರಿ ಟ್ಯೂಬ್ ತಂದು, ಗಾಳಿ ತುಂಬಿ, ಸಣ್ಣ ಪೈಪಿನಿಂದ ನೀರಿಗೆ ಬಿಡುತ್ತಿದ್ದ.

ಆ ಬಿಸಿಲಿಗೆ ತೊಟ್ಟಿಯ ನೀರು ದಿನಾ ಆವಿಯಾಗಿ ಇಂಗುತ್ತಿತ್ತು. ನೀರು ಇಂಗಿದರೂ ಉಪ್ಪು ಇಂಗುವುದಿಲ್ಲವಲ್ಲ. ಹಾಗಾಗಿ ಇಂಗಿದಷ್ಟು ಸಿಹಿನೀರು ದಿನಾ ಹಾಕಬೇಕು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಉಪಕರಣದಲ್ಲಿ ಇಳಿಸಿದ ಡಿಸ್ಟಿಲ್ಡ್ ವಾಟರ್ ಇತ್ತು. ಬಿಳಿ ಪ್ಲಾಸ್ಟಿಕ್ ಕ್ಯಾನ್ ಹಿಡಿದು ಉಚ್ಚೆಂಗೆಪ್ಪ ದಿನಾ ಮಧ್ಯಾಹ್ನ ಅವಳ ಬಾಗಿಲಿಗೆ ಬರುತ್ತಿದ್ದ. ಒಂದು ಕ್ಯಾನ್ ನೀರು ತುಂಬಲು ಎಷ್ಟು ಹೊತ್ತು ಬೇಕು? ಇವರಿಬ್ಬರಿಗೆ ಒಂದು ಪೀರಿಯಡ್ ಸಾಲುತ್ತಿರಲಿಲ್ಲ.

"ಆ ಸಿಗಡಿ ಜೋಡೀನ ಮೀನು ತಿನ್ನಂಗಿಲ್ಲೇನ್ರಿ?"

"ದೊಡ್ಡ ಬಾಯಿ ಮೀನು ನಾನು ತಂದೇ ಇಲ್ರಿ. ಇರೋವು ಸಣ್ಣವು, ಹೊಟ್ಟಿ ತುಂಬಾ ಹಾಕ್ತೀನಿ. ಹೊಟ್ಟಿ ತುಂಬಿದವ್ರು ನೆರೆಮನಿ ಕಡೆ ನೋಡಂಗಿಲ್ಲ."

"ಇನ್ನೊಂದೆರಡು ಸಿಗಡಿ ತಂದಿದ್ರ ಮನಿ ತುಂಬಿರ್ತಿತ್ತು."

"ಇವು ಜೋಡಿ ಇದ್ರ ಮಾತ್ರ ಬಾಳ್ವಿ ಮಾಡ್ತಾವ್ರಿ. ಮೂರನೇದು ಬಂತೋ, ಕಾಲು ಕಿತ್ತುಹೋಗೋ ಜಗಳ." ಅವನು ಕ್ಯಾನಿನ ಮುಚ್ಚಳ ತಿರುಗಿಸುತ್ತ, ಅದು ಬಿಗಿಯಾದ ಮೇಲೂ ತಿರುಗಿಸುತ್ತ ಹೇಳಿದ. "ಒಂಟಿಯಾಗಿದ್ರ ಜೋಡಿ ಹುಡುಕ್ಕೋತ ಮೀಸಿ ಆಡಿಸ್ತಾವು."

"ನಿಮಗೆ ಮೀಸಿ ಇಲ್ಲ ಬಿಡ್ರಿ."

"ಬಿಡ್ತೀನಿ ತಗೋರಿ ಇವತ್ತಿಂದ."

ಬಿಟ್ಟೇ ಬಿಟ್ಟ. ಅದು ಸರಿಯಾಗಿ ಬರಲಿಲ್ಲ, ಆ ಮಾತು ಬೇರೆ. ಅವನು ಅವಳನ್ನು ಎಂದೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದಳು.

"ನಿಮ್ಮ ಹೆಸರು ಪೂರ್ತಿ ಕರದ್ರ ಮೊದಲು ಅಕ್ಕ ಅನಬೇಕಾಗ್ತದ್ರಿ. ನನಗ ಅದು ಬ್ಯಾಡ."

ಅವತ್ತು ಅವಳು ಹುಡುಗಿಯರಿಗೆ ಪಾಠ ಮಾಡಿದ್ದು ಏನೆಂದು ದೇವರೇ ಬಲ್ಲ.

ಏಪ್ರಿಲ್ ಮೊದಲ ವಾರ, ಒಂದು ಭಾನುವಾರ, ಉಚ್ಚೆಂಗೆಪ್ಪ ತಂಗಿ ಹೊನ್ನೂರಮ್ಮನ ಲಗ್ನಪತ್ರಿಕೆ ಕೊಡಲು ಕುರುಗೋಡಿನ ಅವಳ ಮನೆಗೆ ಬಂದ. ಮನೆಯಲ್ಲಿದ್ದದ್ದು ಅವಳು ಮತ್ತು ಅವಳಜ್ಜಿ ಚನ್ನವೀರಮ್ಮ. ತಾಯಿ ಇಲ್ಲದ ಮೊಮ್ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದ ಹೆಂಗಸು. ಅಪ್ಪ ಹತ್ತಿ ವ್ಯಾಪಾರಕ್ಕೆಂದು ಆದೋನಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ.

ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ಬಿಸಿಲಲ್ಲಿ ಬೆವೆತು ಬಂದ ಹುಡುಗನನ್ನು ಕಂಡು ಮನಸ್ಸು ಕರಗಿತು.

"ಬಾರಪ್ಪಾ, ಕುಂದ್ರು. ಎಂಥಾ ಬಿಸಿಲಾಗ ಬಂದಿ! ನಾಗೂ, ತಂಬಿಗಿ ನೀರು ತಾರವ್ವಾ."

ನಾಗೂ ತಾಮ್ರದ ಕೊಡದಿಂದ ತಾಮ್ರದ ತಂಬಿಗೆ ತುಂಬಿದಳು. ಅವನು ತನ್ನ ಮನೆಯ ಕಟ್ಟೆ ಮೇಲೆ ಕೂತಿದ್ದಾನೆಂಬ ಸಂಭ್ರಮಕ್ಕೆ ನೀರು ತುಳುಕಿ ಸೀರೆ ಒದ್ದೆಯಾಯಿತು. ಹೊಸ್ತಿಲಿಗೆ ಬಂದಾಗ ಅಜ್ಜಿ ಕೇಳುತ್ತಿದ್ದಳು.

"ಯಾರ ಪೈಕಿ ಅಪ್ಪಾ ನೀನು?"

"ಸಿರಿಗೇರ್ಯಾಗ ಊರ ಆಚಿ ಕೇರಿಯವ್ರು ರೀ ಅಜ್ಜಿ."

ಅಜ್ಜಿಯ ಮುಖ ಸಿಂಡರಿಸಲಿಲ್ಲ. ದನಿ ಏರಲಿಲ್ಲ. ಬಿಸಿಲು ಬರತೈತಿ ಬಾಗಿಲು ಮುಂದ ಮಾಡು ಅನ್ನುವ ಹಾಗೆ, ಅಷ್ಟೇ ಸಲೀಸಾಗಿ ಅಂದಳು: "ನಾಗೂ, ತಂಬಿಗಿ ಒಳಗಿಡು. ಹೊರಗ ಗೂಡಿನಾಗ ಗ್ಲಾಸ್ ಐತಿ, ಅದರಾಗ ಕೊಡು."

ನಾಗೂ ನಿಂತಳು. ಆಮೇಲೆ ತಿರುಗಿದಳು. ಇಲ್ಲಿ ಅವಳ ಪರ ವಕಾಲತ್ತು ಮಾಡುವುದು ಬೇಡ. ನೂರು ಹುಡುಗಿಯರ ಮುಂದೆ ನಿಂತು ಮಾತಾಡುವ ಬಾಯಿಗೆ ಅಲ್ಲಿ "ಬ್ಯಾಡಬೇ" ಅನ್ನುವ ಒಂದು ಮಾತು ಬರಲಿಲ್ಲ. ತಂಬಿಗೆ ಒಳಗೆ ಹೋಯಿತು, ಗ್ಲಾಸು ಬಂತು.

ಉಚ್ಚೆಂಗೆಪ್ಪ ನೀರು ಕುಡಿದ. ಎದ್ದು ಅಂಗಳದ ಮೂಲೆಯ ನಲ್ಲಿಗೆ ಹೋಗಿ ಗ್ಲಾಸು ತೊಳೆದ. ತಂದು ಗೂಡಿನಲ್ಲಿ ಬೋರಲು ಹಾಕಿದ. ಯಾರೂ ಹೇಳಿರಲಿಲ್ಲ. "ಬರ್ತೀನ್ರಿ ಮೇಡಂ, ಮದುವಿಗೆ ಬರಬೇಕು," ಎಂದ. ಅವಳು ತಲೆಯಾಡಿಸಿದಳು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. ಕುರುಗೋಡಿನ ನೆಲ ಗಟ್ಟಿ ಕಲ್ಲು, ಬಾಯಿ ಬಿಡಲಿಲ್ಲ.

ಮಾರನೆಯ ದಿನ ಅವನು ಏನೂ ಆಗದವನ ಹಾಗೆ ತೊಟ್ಟಿಯ ಮುಂದೆ ನಿಂತು ಅವಳಿಗೆ ಪಾಠ ಹೇಳಿದ. ಮದುವೆಗೆಂದು ಮೂರು ನಾಲ್ಕು ದಿನ ರಜೆ ಹಾಕಿದ್ದ. ತೊಟ್ಟಿ ಅವಳ ಕೈಗೆ.

"ಗೋಣಿ ಒಣಗಾಕ ಬಿಡಬ್ಯಾಡ್ರಿ. ಸೋಪಿನ ಕೈ ನೀರಿಗೆ ಇಡಬ್ಯಾಡ್ರಿ. ಒಣಮೀನಿನ ಪುಡಿ ಐತಿ, ಎರಡು ಚಿಟಿಕಿ ಸಾಕು. ನಿಮಗ ವಾಸನಿ ಆಗಂಗಿಲ್ಲ ಅಂದ್ರ ಮೂಗು ಮುಚ್ಕೊಂಡು ಹಾಕ್ರಿ."

"ಹಾಕ್ತೀನಿ."

"ಕಲ್ಲು ಅಲ್ಲಾಡಿಸಬ್ಯಾಡ್ರಿ, ಸಿಗಡಿ ಅಡಗೋ ಜಾಗ ಅದು. ಮತ್ತ..." ಅವನು ಗಾಳಿಯ ಪೈಪು ಸರಿಮಾಡುತ್ತ, ಮುಖವನ್ನು ನೀರಿನ ಕಡೆಗೇ ಇಟ್ಟುಕೊಂಡು ಹೇಳಿದ. "ಇದರ ಪಾತ್ರಿ ಬ್ಯಾರೆ ನೋಡ್ರಿ. ಮನಿ ಪಾತ್ರಿ ಇದಕ್ಕ ಮುಟ್ಟಿಸಬಾರದು. ಆ ಕ್ಯಾನಿನಾಗಿಂದನ ಹಾಕ್ರಿ."

ಪಾತ್ರಿ ಬ್ಯಾರೆ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಹೇಳಿದ್ದು ತೊಟ್ಟಿಗೆ. ಅವಳ ಕಿವಿಗೆ ಬಿದ್ದದ್ದು ಗ್ಲಾಸು, ಗೂಡು, ನಲ್ಲಿ. ಯಾಕೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವನು ತಿರುಗಿ ಮುಖ ನೋಡುತ್ತಾನೆ, ನೋಡಿದರೆ ನಿನ್ನೆಯದು ಎದ್ದು ಬರುತ್ತದೆ. ಅವಳು ಬಾಯಿಗೆ ಬೀಗ ಹಾಕಿಕೊಂಡು ಬೆಲ್ಲು ಹೊಡೆಯುತ್ತಲೇ ಓಡಿಹೋದಳು.

ಬಸ್ಸಿನಲ್ಲಿ ಕುರುಗೋಡಿನವರೆಗೂ ಅದೇ ಮಾತು ಕಿವಿಯಲ್ಲಿ. ಮನಿ ಪಾತ್ರಿ ಮುಟ್ಟಿಸಬಾರದು. ಮುಟ್ಟಿಸ್ತೀನಿ, ಎಂದುಕೊಂಡಳು. ಯಾವ ತಾಮ್ರ ನಿಮ್ಮ ಮುಂದಿನಿಂದ ಹಿಂದಕ್ಕೆ ಹೋಯಿತೋ ಅದೇ ತಾಮ್ರದ ನೀರು ನಿಮ್ಮ ಮನೆಗೆ ಹೊತ್ತು ತಂದು ಹಾಕ್ತೀನಿ. ಅವನ ಮನೆ ಅಂದರೆ ಅವಳ ಮಟ್ಟಿಗೆ ಆ ತೊಟ್ಟಿಯೇ.

ಬೆಳಿಗ್ಗೆ ಎದ್ದು ಸಣ್ಣ ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ಒಳಗೆ ಹೊರಗೆ ತಿಕ್ಕಿದಳು. ಮುಖ ಕಾಣುವಷ್ಟು ಹೊಳೆಯಿತು. ಬಸ್ಸಿನ ಹಾರನ್ ಕೇಳಿದ್ದರಿಂದ ತೊಳೆದೂ ತೊಳೆಯದ ಹಾಗೆ ಒಂದು ಸಲ ಕುಲುಕಿ ಚೆಲ್ಲಿ, ನೀರು ತುಂಬಿ ಓಡಿದಳು. ಅಜ್ಜಿ ಕೇಳಿದ್ದಕ್ಕೆ "ಕಾಲೇಜಿನಾಗ ಪೂಜಿ ಐತಿ" ಎಂದಳು.

"ಏನ್ರಿ ಟೀಚರಮ್ಮ," ಕಂಡಕ್ಟರ್ ವೆಂಕಣ್ಣ ಬಸ್ಸಿಗೆಲ್ಲ ಕೇಳುವಂತೆ ಅಂದ, "ಬಳ್ಳಾರ್ಯಾಗ ನೀರಿಲ್ಲಂತ ಕುರುಗೋಡಿಂದ ಹೊತ್ಕೊಂಡು ಹೊಂಟೀರಾ? ಕೊಡಕ್ಕೂ ಟಿಕೆಟ್ ತಗೋಬೇಕು ನೋಡ್ರಿ!"

ಜನ ನಕ್ಕರು. ಅವಳು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ತಬ್ಬಿಕೊಂಡು, ನಗುವವರ ಜೊತೆ ತಾನೂ ನಕ್ಕಳು.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ತುಂಬಿದ ಕ್ಯಾನು ಮೂಲೆಯಲ್ಲಿ ಹಾಗೇ ಇತ್ತು. ಅದನ್ನು ಮುಟ್ಟಲಿಲ್ಲ. ಕೊಡ ಬಗ್ಗಿಸಿ ಮೆಲ್ಲಗೆ, ಸದ್ದಾಗದಂತೆ ನೀರು ಹನಿಸಿದಳು. ನಿಮ್ಮ ತುಟಿಗೆ ಮುಟ್ಟದಿದ್ದರೇನು, ನಿಮ್ಮ ಕಡಲಿಗಾದರೂ ಮುಟ್ಟಿತಲ್ಲ ಎಂದುಕೊಂಡಳು. ಕಣ್ಣು ತುಂಬಿ ಬಂತು. ಸಿಗಡಿ ಜೋಡಿ ಕಲ್ಲಿನ ಸಂದಿಯಿಂದ ಮೀಸೆ ಚಾಚಿ ಅವಳನ್ನೇ ನೋಡುವ ಹಾಗೆ ನಿಂತಿದ್ದವು. ಮರುದಿನವೂ ತಂದಳು. ಅದರ ಮರುದಿನವೂ ತಂದಳು. ಮದುವೆಗೆ ಹೋಗಲಿಲ್ಲ. ತೊಟ್ಟಿಯ ನೆಪವಿತ್ತಲ್ಲ.

ಮೂರನೆಯ ದಿನ ಹವಳದ ಕಲ್ಲಿಗೆ ಅಂಟಿಕೊಂಡಿದ್ದ ಕಡಲ ಹೂವು ಮುದುಡಿತು. ಅದು ಹೂವಲ್ಲ, ಪ್ರಾಣಿಯೇ. ಬೆರಳುಗಳಂಥ ಎಸಳು ಬಿಚ್ಚಿ ಕಿತ್ತಳೆ ಬಣ್ಣದ ಎರಡು ಮೀನುಗಳನ್ನು ಮಡಿಲಲ್ಲಿಟ್ಟುಕೊಂಡು ಆಡಿಸುತ್ತಿತ್ತು. ಬಿಸಿಲಿಗಿರಬೇಕೆಂದು ಅವಳು ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದಳು.

ನಾಲ್ಕನೆಯ ಬೆಳಿಗ್ಗೆ ಉಸುಕಿನ ಮೇಲೆ ಎರಡೂ ಸಿಗಡಿ ಅಂಗಾತ ಬಿದ್ದಿದ್ದವು.

"ಎರಡೂ ಅಂಗಿ ಬಿಚ್ಚ್ಯಾವ," ಎಂದು ತನಗೇ ಹೇಳಿಕೊಂಡು ನಕ್ಕಳು. ನಗುತ್ತಲೇ ಚಿಮಟ ಇಳಿಸಿ ಒಂದನ್ನೆತ್ತಿ ಅಂಗೈ ಮೇಲಿಟ್ಟುಕೊಂಡಳು. ತೂಕವಿತ್ತು. ಇದು ಖಾಲಿ ಅಂಗಿಯಲ್ಲ. ಅಷ್ಟರಲ್ಲಿ ನೀಲಿ ಮೀನೊಂದು ಬಂದು ಕೆಳಗಿದ್ದ ಇನ್ನೊಂದರ ಹೊಟ್ಟೆಯನ್ನು ಕುಕ್ಕತೊಡಗಿತು.

ಉಚ್ಚೆಂಗೆಪ್ಪ ಅಂದೇ ಮಧ್ಯಾಹ್ನ ಬಂದ. ಅಂಗಿಯ ಕಾಲರಿನಲ್ಲಿ ಅರಿಶಿಣ, ಕೈಯಲ್ಲಿ ಬಾಳೆಲೆ ಪೊಟ್ಟಣ. "ಮದುವಿ ಬೂಂದಿ ರೀ ಮೇಡಂ. ನಿಮಗಂತ ಅವ್ವ ಬ್ಯಾರೆ ತೆಗದಿಟ್ಟಿದ್ಲು." ಅವಳ ಮುಖ ನೋಡಿ ಅವನ ನಗು ನಿಂತಿತು. ತೊಟ್ಟಿಯ ಕಡೆ ನೋಡಿದ.

"ಏನಾತ್ರಿ?"

"ಮುಂಜಾನಿ ನೋಡಿದಾಗ... ಆ ನೀಲಿ ಮೀನು ಕುಕ್ಕಾಕತ್ತಿತ್ತು."

ಕಂಡದ್ದನ್ನೇ ಹೇಳಿದಳು. ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಕೊಡದ ಮಾತು ಹೇಳಲಿಲ್ಲ. ಯಾಕೆಂದರೆ ಕ್ಯಾನು ಯಾಕೆ ಮುಟ್ಟಲಿಲ್ಲ ಎಂದು ಅವನು ಕೇಳುತ್ತಿದ್ದ. ಅದಕ್ಕೆ ಉತ್ತರ ಹೇಳಬೇಕೆಂದರೆ ಹೊಸ್ತಿಲಿನಿಂದ ತಿರುಗಿಹೋದ ತಂಬಿಗೆಯಿಂದ ಶುರುಮಾಡಬೇಕಿತ್ತು.

"ಇದಾ? ಇಷ್ಟು ದಿನ ಸುಮ್ಮನಿತ್ತಲ್ರಿ..." ಅವನು ಬಹಳ ಹೊತ್ತು ಬಗ್ಗಿ ನೋಡಿದ. "ಹೂವೂ ಮುದುಡೈತಿ. ಇರ್ಲಿ, ನಿಮ್ಮ ತಪ್ಪೇನಿಲ್ರಿ. ನನ್ನ ಲೆಕ್ಕ ತಪ್ಪಿತು."

ಬಲೆ ಹಾಕಿ ನೀಲಿ ಮೀನನ್ನು ಹಿಡಿದು, ಒಂದು ಗಾಜಿನ ಜಾರಿಗೆ ತೊಟ್ಟಿಯ ನೀರು ತುಂಬಿ, ಅದರೊಳಗೆ ಬಿಟ್ಟು ಕಿಟಕಿಯಲ್ಲಿಟ್ಟ. "ಬ್ಯಾರೆ ಇರ್ಲಿ ಇದು," ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಮೀನು ಜಾರಿನೊಳಗೆ ಒಂದು ಸುತ್ತು ಬಂತು, ಗಾಜಿಗೆ ಮೂತಿ ತಾಗಿಸಿ ನಿಂತಿತು.

ಬೂಂದಿ ಪೊಟ್ಟಣ ಹಿಡಿದುಕೊಂಡೇ ಅವಳು ಪ್ರಾಕ್ಟಿಕಲ್ಸಿಗೆ ಹೋದಳು. ಹುಡುಗಿಯರು ಸಾಲ್ಟ್ ಅನಾಲಿಸಿಸ್ ಮಾಡುತ್ತಿದ್ದರು. ಒಬ್ಬಳು ಅಮೋನಿಯಾ ಹಾಕಿದ ಪ್ರನಾಳ ಎತ್ತಿ ಹಿಡಿದು, "ಮೇಡಂ, ಕಡುನೀಲಿ ಬಂತು! ಕಾಪರ್ರಿ!" ಎಂದು ಕುಣಿದಳು.

ಅಕ್ಕನಾಗಮ್ಮನ ಕಣ್ಣು ನಿನ್ನೆಯಿಂದ ತನ್ನ ಮೇಜಿನ ಕೆಳಗೇ ಇದ್ದ ಕೊಡದ ಮೇಲೆ ಹೋಯಿತು. ಕೊರಳಿನ ಒಳಗಡೆ ಹಸಿರು ಗೆರೆಯೊಂದು ಮೂಡಿತ್ತು.

ಹುಡುಗಿಯರೆಲ್ಲ ಹೋದ ಮೇಲೆ ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ಪ್ರನಾಳಕ್ಕೆ ಬಗ್ಗಿಸಿ ಅಮೋನಿಯಾ ಹಾಕಿದಳು. ಬಿಳಿ ಕಾಗದದ ಮುಂದೆ ಹಿಡಿದಳು. ತೆಳು ನೀಲಿ. ಇಲ್ಲವೆನ್ನಲು ಬಾರದ ನೀಲಿ. ಹುಣಸೆಯ ಹುಳಿ ತಾಮ್ರವನ್ನು ಕರಗಿಸುತ್ತದೆಂದು, ಹೊಂಡದ ಬಸವನಹುಳು ಸಾಯಲೆಂದು ಮೈಲುತುತ್ತ ಹಾಕುತ್ತಾರೆಂದು, ಮೈಲುತುತ್ತ ಅಂದರೆ ತಾಮ್ರವೇ ಎಂದು ವರ್ಷವೂ ಪಾಠ ಮಾಡುವವಳು ತಾನೇ. ಮೀನು ತಡೆದುಕೊಂಡಿತು. ಚಿಪ್ಪಿನ ಮೈಯವೂ ಹೂವೂ ತಡೆಯಲಿಲ್ಲ. ಪಾತ್ರಿ ಬ್ಯಾರೆ ಅಂದದ್ದು ಇದಕ್ಕೆ. ಅವನ ಮಾತಿನಲ್ಲಿ ಚುಚ್ಚು ಇರಲೇ ಇಲ್ಲ. ಚುಚ್ಚು ಇದ್ದದ್ದು ಅವಳ ಎದೆಯೊಳಗೆ.

ಖಾನೆ ತೆರೆದು ಬೆಂಕಿಪೊಟ್ಟಣದ ಸಿಪ್ಪೆ ನೋಡಿದಳು. ಥೂ ನಿನ್ನ ಕೆಮಿಸ್ಟ್ರಿಗೆ ಇಷ್ಟು, ಎಂದು ತನ್ನನ್ನೇ ಬೈದುಕೊಂಡಳು. ಬೂಂದಿ ಪೊಟ್ಟಣವನ್ನು ಬಿಚ್ಚದೆಯೇ ಖಾನೆಯೊಳಗಿಟ್ಟಳು.

ಆದರೂ ಹೇಳಲಿಲ್ಲ. ಎರಡು ದಿನ ಅವನ ಕಣ್ಣು ತಪ್ಪಿಸಿ ಓಡಾಡಿದಳು. ಅವನು ಕ್ಯಾನು ಹಿಡಿದು ಬಂದರೆ ಅಟೆಂಡರನ್ನು ಮುಂದೆ ಬಿಟ್ಟಳು. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಇರುತ್ತಾನೆ, ಆದರೆ ತನ್ನ ಮುಂದೆ ನಿಂತಾಗಲೆಲ್ಲ ತಾನು ಕಳ್ಳಿ. ಎರಡರಲ್ಲಿ ಯಾವುದನ್ನು ತಡೆಯಲಿ ಎಂದು ಗೊತ್ತಾಗಲಿಲ್ಲ. ಆಚೆ ಈಚೆ ಹೋಗುವಾಗ ಕಿಟಕಿಯ ಜಾರು ಕಣ್ಣಿಗೆ ಬೀಳುತ್ತಿತ್ತು. ತಪ್ಪು ಮಾಡದೆ ಗಾಜಿನ ಪಾತ್ರೆಯಲ್ಲಿ ಬೇರೆ ಕೂತ ಜೀವ. ಅವಳಿಗೆ ಅದು ಮೀನಾಗಿ ಕಾಣುವುದೇ ನಿಂತುಹೋಯಿತು.

ಮೂರನೆಯ ಮಧ್ಯಾಹ್ನ ಕರೆಂಟು ಹೋಗಿತ್ತು. ಲಾರಿ ಟ್ಯೂಬಿನ ಗಾಳಿ ತೊಟ್ಟಿಗೆ ಹೋಗುತ್ತಿತ್ತು, ಜಾರಿಗೆ ಇರಲಿಲ್ಲ. ನೀಲಿ ಮೀನು ಒಂದು ಮಗ್ಗುಲಿಗೆ ವಾಲಿ, ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿತ್ತು.

ಅಕ್ಕನಾಗಮ್ಮ ಓಡಿದಳು. ಉಚ್ಚೆಂಗೆಪ್ಪ ಸೆಕೆಂಡ್ ಬಿ.ಎಸ್ಸಿ. ಹುಡುಗರಿಗೆ ಪಾಠ ಮಾಡುತ್ತಿದ್ದ. ಬಾಗಿಲಲ್ಲಿ ನಿಂತು, ಏದುಸಿರಿನಲ್ಲೇ ಅಂದಳು: "ಆ ಮೀನು ಕೊಂದಿಲ್ರಿ. ಕೊಂದಾಕಿ ನಾನು."

ಹುಡುಗರು ಬೆಂಚಿನ ಮೇಲೆ ಸೆಟೆದು ಕೂತರು. ಅವನು ಸೀಮೆಸುಣ್ಣ ಕೆಳಗಿಟ್ಟು ಅವಳ ಹಿಂದೆ ಬಂದ. ಮೊದಲು ಮೀನನ್ನು ತೊಟ್ಟಿಗೆ ಬಿಟ್ಟ. ಅದು ಗಾಳಿಯ ಗುಳ್ಳೆಗಳ ಹತ್ತಿರ ಹೋಗಿ ನಿಂತಿತು. ನಿಧಾನವಾಗಿ ನೆಟ್ಟಗಾಯಿತು. ಆಮೇಲೆ ಅವಳ ಕಡೆ ತಿರುಗಿದ.

ಅವಳು ಹೇಳಿದಳು. ಕೊಡದಿಂದಲ್ಲ, ತಂಬಿಗೆಯಿಂದ ಶುರುಮಾಡಿದಳು. ಅಜ್ಜಿಯ ಮಾತು, ತಾನು ತಿರುಗಿದ್ದು, ಗೂಡಿನ ಗ್ಲಾಸು, ಪಾತ್ರಿ ಬ್ಯಾರೆ, ಹುಣಸೆಹಣ್ಣು, ಬಸ್ಸು, ನೀಲಿಯಾದ ಪ್ರನಾಳ. ಒಂದನ್ನೂ ಬಿಡಲಿಲ್ಲ.

"ನಿಮ್ಮ ಮುಂದಿಂದ ಹಿಂದಕ್ಕ ಹೋಗಿದ್ದ ತಾಮ್ರ ನಿಮ್ಮ ಮನಿಗೆ ಮುಟ್ಲಿ ಅಂತ ತಂದೆ. ಮುಟ್ಟಿ ಜೋಡೀನ ಸಾಯಿಸ್ತು. ಆಮ್ಯಾಲ ಅದನ್ನ ಆ ಮೀನಿನ ಮ್ಯಾಲ ಹಾಕಿದೆ."

ಅವನು ಅಂಗಿಯ ತೋಳು ಮಡಿಸಿದ. ಕತ್ತಲೆ ಕೋಣೆಯಿಂದ ಉಳಿಸಿಟ್ಟ ಕಡಲ ನೀರಿನ ಕ್ಯಾನುಗಳನ್ನು ಹೊತ್ತು ತಂದ. ಅವಳು ರಬ್ಬರ್ ಪೈಪು ಹಿಡಿದಳು. ಹಳೆಯ ನೀರು ಬಕೆಟ್ಟಿಗೆ ಇಳಿಯಿತು, ಹೊಸದು ಏರಿತು. ಅಷ್ಟು ಹೊತ್ತೂ ಇಬ್ಬರ ಕೈ ನೀರಿನಲ್ಲಿತ್ತು. ಕೈಗೆ ಕೈ ತಾಕಿದರೂ ಯಾರೂ ಹಿಂದಕ್ಕೆ ತೆಗೆಯಲಿಲ್ಲ, ಯಾರೂ ಮುಂದಕ್ಕೂ ತರಲಿಲ್ಲ.

"ಸಿಗಡಿ ಸತ್ತದ್ದಕ್ಕ ಸಿಟ್ಟಿಲ್ರಿ," ಕೊನೆಗೆ ಅವನು ಹೇಳಿದ. "ಯಾಕ ಮುಟ್ಟಿಸಬಾರದು ಅಂತ ನಾನೂ ಬಿಡಿಸಿ ಹೇಳಲಿಲ್ಲ. ಆದ್ರ ಬಾಯಿಲ್ಲದ ಮೀನಿನ ಮ್ಯಾಲ ಹಾಕಿದ್ರಲ್ಲ, ಅದಕ್ಕ ಸಿಟ್ಟೈತಿ."

"ಇರ್ಲಿ. ಇರಬೇಕು."

"ಮತ್ತ... ನಾನು ಗ್ಲಾಸ್ ತೊಳದಿದ್ದು ನೀವು ನೋಡಿದ್ರೇನು?"

"ನೋಡಿದೆ."

ಅವನ ಕಿವಿ ಕೆಂಪಗಾದವು. "ನೋಡಿಲ್ಲ ಅಂದ್ಕೊಂಡಿದ್ದೆ. ಯಾರೂ ತೊಳಿ ಅಂದಿರಲಿಲ್ರಿ. ಸಣ್ಣಾಂವಿದ್ದಾಗಿಂದ ರೂಢಿ, ಕೈ ತಾನ ಎದ್ದು ಹೋತು. ಅದರಾಗೂ ನಿಮ್ಮ ಮುಂದ. ಅವತ್ತಿಂದ ಆ ನಾಚಿಕಿ ನನ್ನ ಬಿಟ್ಟಿಲ್ಲ."

"ತಪ್ಪು ನಂದು, ನಾಚಿಕಿ ನಿಮಗಾ?" ಅವಳಿಗೆ ಅಳು ಒತ್ತರಿಸಿ ಬಂತು. "ಭಾನುವಾರ ಮನಿಗೆ ಬರ್ರಿ."

"ಬ್ಯಾಡ್ರಿ ಮೇಡಂ. ಇನ್ನೊಂದ್ಸಲ ತೊಳಿಯಾಕ ನನಗಾಗಂಗಿಲ್ಲ."

"ನೀವು ತೊಳಿಯಂಗಿಲ್ಲ. ಬರ್ರಿ."

ಭಾನುವಾರ ಅವನು ಬಂದ. ಅಂಗಿಗೆ ಇಸ್ತ್ರಿ, ಮೀಸೆಗೆ ಕತ್ತರಿ. ಕಟ್ಟೆಯ ಅಂಚಿನಲ್ಲಿ, ಯಾವಾಗ ಬೇಕಾದರೂ ಏಳುವವನ ಹಾಗೆ ಕೂತ. ಅಜ್ಜಿ ಶೇಂಗಾ ಒಡೆಯುತ್ತಲೇ "ಬಾರಪ್ಪಾ, ತಂಗಿ ಮದುವಿ ಚೆಂದ ಆತಾ?" ಎಂದು ಪ್ರೀತಿಯಿಂದಲೇ ಕೇಳಿದಳು. ಅವಳ ಪ್ರೀತಿಗೆ ಕೊರತೆಯಿರಲಿಲ್ಲ. ಪಾತ್ರೆ ಬೇರೆ ಇತ್ತು, ಅಷ್ಟೇ.

"ನಾಗೂ, ನೀರು ಕೊಡವ್ವಾ. ಗ್ಲಾಸು ಗೂಡಿನಾಗೈತಿ."

"ಇಲ್ಲಬೇ," ಒಳಗಿನಿಂದ ದನಿ ಬಂತು. "ಒಡದೈತಿ."

"ಯಾವಾಗ ಒಡೀತು? ಮುಂಜಾನಿ ನೋಡೀನಲ್ಲ!"

"ಈಗಷ್ಟ ಒಡದೆ."

ಅಜ್ಜಿಯ ಕೈ ಶೇಂಗಾದ ಮೇಲೆ ನಿಂತಿತು. ನಾಗೂ ತಾಮ್ರದ ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದಳು. ಹೊಸ್ತಿಲು ದಾಟಿದಳು. ತಂಬಿಗೆಯನ್ನು ಅವನ ಎರಡೂ ಕೈಗೆ ಕೊಟ್ಟಳು.

ಉಚ್ಚೆಂಗೆಪ್ಪ ತಂಬಿಗೆಯನ್ನು ನೋಡಿದ. ಅಜ್ಜಿಯನ್ನು ನೋಡಿದ. ಆಮೇಲೆ ಕತ್ತು ಹಿಂದಕ್ಕೆ ಚೆಲ್ಲಿ, ತುಟಿಗೆ ತಾಕದಂತೆ ಮೇಲೆತ್ತಿ ಸುರಿದುಕೊಳ್ಳಲು ಹೋದ.

"ಕಚ್ಚಿ ಕುಡೀರಿ," ಅಂದಳು ನಾಗೂ.

ತಂಬಿಗೆ ಕೆಳಗಿಳಿಯಿತು. ಅವನು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಕಣ್ಣಿನ ಮೂಲೆಯಲ್ಲಿ ಹಳೆಯ ನಗು ಇಣುಕಿತು.

"ತಾಮ್ರ ಸಿಗಡಿಗೆ ಆಗಂಗಿಲ್ರಿ," ಎಂದ. ತಂಬಿಗೆಯನ್ನು ತುಟಿಯತ್ತ ಎತ್ತುತ್ತ, "ನನಗ ಆಗತೈತಿ," ಎಂದ.

ಕಚ್ಚಿ ಕುಡಿದ. ಅರ್ಧ ಕುಡಿದು ಇಳಿಸುವಾಗ ಕಾಲು ರೂಢಿಯಂತೆ ನಲ್ಲಿಯ ಕಡೆ ತಿರುಗಿದವು. ನಾಗೂ ತಂಬಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನ ತುಟಿ ತಾಕಿದ ಅಂಚನ್ನೇ ತನ್ನ ಕಡೆ ತಿರುಗಿಸಿಕೊಂಡು, ಉಳಿದ ನೀರನ್ನು ತಾನೂ ಕಚ್ಚಿ ಕುಡಿದಳು.

ಓಣಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ನೋಡಿ ಮುಂದೆ ಹೋದರು. ಅಜ್ಜಿಯ ಮಡಿಲಿನಿಂದ ಶೇಂಗಾ ಉದುರಿದವು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬತ್ತಿದ ದನಿಯಲ್ಲಿ ಅಂದಳು: "ಆ ತಂಬಿಗಿ ಇನ್ನ ಬ್ಯಾರೆ ಇಡು."

"ಇಡ್ತೀನಬೇ," ಅಂದಳು ನಾಗೂ. "ಹೋಗಬೇಕಾದ್ರ ನನ್ನ ಜೋಡೀನ ತಗೊಂಡು ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯೇ?"

ನಾಗೂ ತಲೆ ತಗ್ಗಿಸಲಿಲ್ಲ. ಅವನ ಕಡೆ ನೋಡಿದಳು. ಉತ್ತರವನ್ನು ಅವನಿಗೆ ಬಿಟ್ಟಿದ್ದಳು. ಉಚ್ಚೆಂಗೆಪ್ಪ ಎದ್ದು ನಿಂತ. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ.

"ಸಿರಿಗೇರಿಗೆ ರೀ, ಅಜ್ಜಿ," ಎಂದ.